ಅತ್ತೆಯವರನ್ನು ಬಸ್ಸಿನಲ್ಲೇ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಬೇಕು, ನಾಪೋಕ್ಲು ಕಡೆಯಿಂದ ದಾರಿ ಹೇಳಿ

ತೋಟದಮನೆ (ನಾಪೋಕ್ಲು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಎಪ್ಪತ್ತೆರಡು ವರ್ಷ. ಅಂಗಳದ ತುಂಬ ಡೇಲಿಯಾ, ಆಂಥೂರಿಯಂ, ಬಿಗೋನಿಯಾ ಕುಂಡಗಳು. ಮಡಿಕೇರಿಯ ರಾಜಾಸೀಟಿನಲ್ಲಿ ಫಲಪುಷ್ಪ ಪ್ರದರ್ಶನ ನಡೆದರೆ ಮೊದಲ ದಿನವೇ ಹೋಗಿ ಬರಬೇಕು, ಬಂದ ಮೇಲೆ ಅಲ್ಲಿದ್ದುದಕ್ಕಿಂತ ನಮ್ಮ ಡೇಲಿಯಾವೇ ದೊಡ್ಡದು ಎಂದು ವಾರವಿಡೀ ಹೇಳಬೇಕು. ಲಾಲ್‌ಬಾಗ್ ಮಾತ್ರ ಇದುವರೆಗೆ ನೋಡಿಲ್ಲ. ಈ ಸಲ ಸ್ವಾತಂತ್ರ್ಯ ದಿನದ ಪ್ರದರ್ಶನಕ್ಕೆ ಹೋಗಲೇಬೇಕು ಎಂದು ಹಟ ಹಿಡಿದಿದ್ದಾರೆ. ಜನವರಿಯಲ್ಲಿ ಗಣರಾಜ್ಯೋತ್ಸವದ್ದೂ ಇರುತ್ತದಲ್ಲ, ಅದಕ್ಕೆ ಹೋಗೋಣ ಎಂದೆ. ಆಗ ಕಾಫಿ ಕೊಯ್ಲು, ಮನೆಯಲ್ಲಿ ಯಾರಿರುತ್ತಾರೆ ಎಂದು ಅವರೇ ಕೇಳಿದರು. ಅದೂ ನಿಜ.

ತೊಂದರೆ ಏನೆಂದರೆ, ಅವರಿಗೆ ಕಾರು ಆಗುವುದಿಲ್ಲ. ಮೂರ್ನಾಡು ದಾಟುವಷ್ಟರಲ್ಲಿ ವಾಂತಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದರೆ ಎಷ್ಟು ದೂರವಾದರೂ ಬರುತ್ತಾರೆ, ಹಾಡು ಬೇರೆ ಗುನುಗುತ್ತಾರೆ. ಮಂಡಿನೋವು ಇದೆ. ಸಮತಟ್ಟಾದ ಕಡೆ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹೊರಡುವವರು ಅತ್ತೆ, ನಾನು, ಒಂಬತ್ತನೇ ತರಗತಿಯ ಮಗಳು. ಯಜಮಾನರು ತೋಟ, ಹಸು, ನಾಯಿ ನೋಡಿಕೊಂಡು ಮನೆಯಲ್ಲಿರುತ್ತಾರೆ.

ನಮ್ಮ ಮನೆ ನಾಪೋಕ್ಲಿನಿಂದ ಒಳಗೆ. ಬೆಳಗ್ಗೆ ಏಳಕ್ಕೆ ಒಂದು ಖಾಸಗಿ ಬಸ್ ಮಡಿಕೇರಿಗೆ ಹೋಗುತ್ತದೆ, ಸಂಜೆ ಐದೂವರೆಗೆ ನಾಪೋಕ್ಲಿನಿಂದ ಕೊನೆಯ ಬಸ್. ಅದು ತಪ್ಪಿದರೆ ಜೀಪಿಗೆ ಹೇಳಬೇಕು. ಮಳೆಗಾಲದ ರಾತ್ರಿ ಜೀಪಿನವರು ಕೇಳುವ ಬಾಡಿಗೆ ನಿಮಗೆ ಗೊತ್ತೇ ಇದೆ.

ಒಂದೇ ದಿನದಲ್ಲಿ ಹೋಗಿ ಬರಲು ಆಗುತ್ತದೆಯೇ? ಬೆಂಗಳೂರಿನಲ್ಲಿ ಎಲ್ಲಿ ಇಳಿಯಬೇಕು? ಅಲ್ಲಿಂದ ಮೆಟ್ರೋ ಸುಲಭವೋ, ಆಟೊ ಸುಲಭವೋ? ಲಾಲ್‌ಬಾಗ್‌ಗೆ ನಾಲ್ಕಾರು ದ್ವಾರಗಳಿವೆಯಂತೆ, ನಾವು ಯಾವುದಕ್ಕೆ ಹೋಗಬೇಕು? ವಿಜಯನಗರದಲ್ಲಿ ನಾದಿನಿಯ ಮಗಳು ಇದ್ದಾಳೆ. ಅವಳಿಗೆ ಪುಟ್ಟ ಮಗು, ತೊಂದರೆ ಕೊಡುವುದು ಬೇಡ ಎಂದು ಅತ್ತೆಯವರ ಮಾತು.

ಜಯನಗರವಾಸಿ (ಊರು ಸುಂಟಿಕೊಪ್ಪ):

ಅಕ್ಕ, ಮೆಟ್ರೋ ಕಣ್ಣುಮುಚ್ಚಿ ಹಿಡಿಯಿರಿ. ನಾನು ಇಲ್ಲಿ ಓದುತ್ತಿದ್ದೇನೆ, ಹಸಿರು ಮಾರ್ಗದಲ್ಲೇ ದಿನವೂ ಓಡಾಟ. ಲಾಲ್‌ಬಾಗ್ ಹೆಸರಿನದೇ ನಿಲ್ದಾಣವಿದೆ, 2017ರಿಂದ ಇದೆ. ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ದ್ವಾರ ಇಲ್ಲ.

ಮೈಸೂರು ರಸ್ತೆ ಕಡೆಯಿಂದ ಬರುವವರು ಮೊದಲು ನೇರಳೆ ಮಾರ್ಗ ಹತ್ತಬೇಕು. ವೈಟ್‌ಫೀಲ್ಡ್ ಕಡೆಗೆ ಹೋಗುವ ರೈಲು. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಿ, ರೇಷ್ಮೆ ಸಂಸ್ಥೆ ಕಡೆಗೆ ಹೋಗುವ ರೈಲು ಹತ್ತಿ. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ನಾಲ್ಕನೆಯದು ಲಾಲ್‌ಬಾಗ್. ಮಾರುಕಟ್ಟೆಯವರೆಗೆ ಸುರಂಗ, ಆಮೇಲೆ ರೈಲು ಮೇಲೆ ಬರುತ್ತದೆ. ಬೆಳಕು ಬಿದ್ದ ಕೂಡಲೇ ಎದ್ದು ನಿಂತರೆ ಸರಿಯಾಗುತ್ತದೆ.

ಮೆಜೆಸ್ಟಿಕ್‌ನಲ್ಲಿ ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗಬೇಕು. ಎಲ್ಲರೂ ಎಸ್ಕಲೇಟರ್ ಕಡೆಗೆ ನುಗ್ಗುತ್ತಾರೆ, ನೀವು ಲಿಫ್ಟ್ ಎಲ್ಲಿದೆ ಎಂದು ಕಾವಲು ಸಿಬ್ಬಂದಿಯನ್ನು ಕೇಳಿ. ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆ ಹೊತ್ತು ಮಾತ್ರ ಬೇಡ.

ಟಿಕೆಟ್ ಸಾಲು ಉದ್ದವಿದ್ದರೆ ಮೊಬೈಲ್‌ನಲ್ಲಿ ವಾಟ್ಸ್‌ಆ್ಯಪ್ ಮೂಲಕವೇ ಕ್ಯೂಆರ್ ಟಿಕೆಟ್ ತೆಗೆಯಬಹುದು. ನಿಮ್ಮ ಮಗಳಿಗೆ ಹೇಳಿ, ಐದು ನಿಮಿಷದ ಕೆಲಸ. ಹಿಂದೆ ಪ್ರದರ್ಶನದ ರಜಾ ದಿನಗಳಲ್ಲಿ ಲಾಲ್‌ಬಾಗ್ ನಿಲ್ದಾಣದಿಂದ ವಾಪಸಾಗಲು 30 ರೂಪಾಯಿಯ ಕಾಗದದ ಟಿಕೆಟ್ ಕೊಟ್ಟದ್ದೂ ಉಂಟು.

ಮಡಿಕೇರಿ ಮಂಜು:

ಇಷ್ಟೆಲ್ಲ ಏಕೆ? ಒಂದು ಟ್ಯಾಕ್ಸಿ ಮಾಡಿ, ವಾಂತಿಗೆ ಮಾತ್ರೆ ಕೊಡಿ, ದ್ವಾರದ ಮುಂದೆಯೇ ಇಳಿಸಿ. ಮೈಸೂರಿನಿಂದ ಮುಂದೆ ಹೆದ್ದಾರಿ ಚೆನ್ನಾಗಿದೆ. ವಯಸ್ಸಾದವರನ್ನು ಬಸ್ಸು, ಮೆಟ್ರೋ ಎಂದು ಅಲೆದಾಡಿಸುವುದು ಪಾಪ.

ಹಳೆಯ ನಿರ್ವಾಹಕ (ಕುಶಾಲನಗರ):

ಮಂಜು ಅವರೇ, ಪ್ರದರ್ಶನದ ದಿನ ಲಾಲ್‌ಬಾಗ್ ದ್ವಾರದ ಮುಂದೆ ಕಾರು ನಿಲ್ಲಿಸುವುದನ್ನು ಒಮ್ಮೆ ಮಾಡಿ ನೋಡಿ, ಆಮೇಲೆ ಪಾಪದ ಲೆಕ್ಕ ಹೇಳಿ. ಶಾಂತಿನಗರ ಬಸ್ ನಿಲ್ದಾಣದಂಥ ಕಡೆ ವಾಹನ ನಿಲ್ಲಿಸಿ ನಡೆದು ಬನ್ನಿ ಎಂದು ಸಂಚಾರ ಪೊಲೀಸರೇ ಹೇಳುತ್ತಾರೆ. ಅಲ್ಲಿಂದ ನಡೆಯುವ ದೂರದ ಮುಂದೆ ಮೆಟ್ರೋ ನಿಲ್ದಾಣದಿಂದ ನಡೆಯುವುದು ಏನೂ ಅಲ್ಲ.

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ. ನಾನು ಟಿಕೆಟ್ ಹರಿದೇ ಸಂಬಳ ತಿಂದವನು, ಮಡಿಕೇರಿ–ಬೆಂಗಳೂರು ದಾರಿಯಲ್ಲಿ ಬಹಳ ಕಾಲ ಇದ್ದೆ. ಜನ ತಪ್ಪುವುದು ಒಂದೇ ಕಡೆ. ಎಲ್ಲರೂ ಬೆಂಗಳೂರಿನಲ್ಲಿ ಏನು ಮಾಡಬೇಕು ಎಂದು ಯೋಚಿಸುತ್ತಾರೆ. ಬೆಂಗಳೂರಿನಲ್ಲಿ ಏನು ಮಾಡಿದರೂ ನಡೆಯುತ್ತದೆ, ಹತ್ತು ನಿಮಿಷಕ್ಕೊಂದು ವಾಹನ ಇರುವ ಊರು ಅದು. ಸಿಕ್ಕಿಹಾಕಿಕೊಳ್ಳುವುದು ನಮ್ಮ ಕಡೆಯೇ. ನಾಪೋಕ್ಲಿನ ಐದೂವರೆ ಬಸ್ಸನ್ನು ಹಿಡಿದುಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಐದೂವರೆಗೆ ನಾಪೋಕ್ಲಿನಲ್ಲಿ ಇರಬೇಕೆಂದರೆ ನಾಲ್ಕು ಗಂಟೆಗೆ ಮಡಿಕೇರಿಯಲ್ಲಿ ಇರಬೇಕು. ಬೆಂಗಳೂರಿನಿಂದ ಮಡಿಕೇರಿಗೆ ಆರು ಗಂಟೆ ಎಂದುಕೊಳ್ಳಿ. ಆಗಸ್ಟ್ ತಿಂಗಳಲ್ಲಿ ಅದಕ್ಕೆ ಇನ್ನೊಂದು ಗಂಟೆ ಸೇರಿಸಬೇಕು: ಆನೆಕಾಡಿನ ಹತ್ತಿರ ಮರ ಬಿದ್ದಿರುತ್ತದೆ, ಬೋಯಿಕೇರಿಯಲ್ಲಿ ಮಂಜು ಕವಿದಿರುತ್ತದೆ. ಅಂದರೆ ಬೆಳಗ್ಗೆ ಒಂಬತ್ತಕ್ಕೆ ಬೆಂಗಳೂರು ಬಿಡಬೇಕು. ಲಾಲ್‌ಬಾಗ್ ಯಾವಾಗ ನೋಡುತ್ತೀರಿ? ಹಾಗಾಗಿ ಹಗಲಿನಲ್ಲಿ ವಾಪಸಾಗುವ ಯೋಚನೆಯನ್ನೇ ಬಿಟ್ಟುಬಿಡಿ. ರಾತ್ರಿ ಹತ್ತು, ಹನ್ನೊಂದರ ಸುಮಾರಿಗೆ ಹೊರಡುವ ಬಸ್ ಹಿಡಿದರೆ ಬೆಳಗಿನ ಜಾವ ಮಡಿಕೇರಿ. ಬೆಳಕು ಹರಿಯುವವರೆಗೆ ನಿಲ್ದಾಣದಲ್ಲೇ ಕುಳಿತಿದ್ದು ಮೊದಲ ಬಸ್ಸಿಗೆ ನಾಪೋಕ್ಲು. ಜೀಪಿನವನಿಗೆ ದುಡ್ಡು ಕೊಡುವುದು ತಪ್ಪುತ್ತದೆ.

ಬರುವುದು ರಾತ್ರಿ ಎಂದಾದರೆ ಹೋಗುವುದು ಹಗಲೇ ಆಗಬೇಕು. ರಾತ್ರಿ ಹೋಗಿ, ಇಡೀ ದಿನ ತಿರುಗಿ, ಮತ್ತೆ ರಾತ್ರಿ ಬರುವುದನ್ನು ಕಾಲೇಜು ಹುಡುಗರು ಮಾಡುತ್ತಾರೆ. ಎಪ್ಪತ್ತೆರಡರ ಹೆಂಗಸು ಎರಡು ರಾತ್ರಿ ಸೀಟಿನಲ್ಲಿ ಕುಳಿತರೆ ಕಾಲು ಬಾತು ಚಪ್ಪಲಿ ಹಿಡಿಸುವುದಿಲ್ಲ. ಎಷ್ಟೋ ಜನ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದದ್ದನ್ನು ಕಂಡಿದ್ದೇನೆ. ಏಳರ ಬಸ್ಸಿಗೆ ಹೊರಟು ಮಡಿಕೇರಿಯಲ್ಲಿ ಬಸ್ ಬದಲಾಯಿಸಿದರೆ ಮಧ್ಯಾಹ್ನ ಮೂರೂವರೆಗೆ ಬೆಂಗಳೂರು. ಆ ರಾತ್ರಿ ಹಾಸಿಗೆಯ ಮೇಲೆ ಮಲಗಲೇಬೇಕು. ವಿಜಯನಗರದ ಹುಡುಗಿಯ ಮನೆಗೇ ಹೋಗಿ. ತೊಂದರೆ ಕೊಡುವುದು ಬೇಡ ಎಂದು ಹಿರಿಯರು ಹೇಳುತ್ತಾರೆ, ಬಾರದೆ ಹೋದರು ಎಂದು ಆ ಹುಡುಗಿ ವರ್ಷವಿಡೀ ಹೇಳುತ್ತಾಳೆ. ಒಂದು ಸೇರು ಕಾಫಿಪುಡಿ, ಒಂದು ಬಾಟಲಿ ಜೇನು ಕೈಯಲ್ಲಿದ್ದರೆ ಯಾವ ನೆಂಟರಿಗೂ ತೊಂದರೆ ಆಗುವುದಿಲ್ಲ. ಅದೂ ಅಲ್ಲದೆ ವಿಜಯನಗರ ನೇರಳೆ ಮಾರ್ಗದಲ್ಲೇ ಇದೆ. ನಿಮ್ಮ ಅದೃಷ್ಟ.

ಮಡಿಕೇರಿಯಲ್ಲಿ ಒಂದು ಎಚ್ಚರ. ನಿಮ್ಮ ಬಸ್ ಖಾಸಗಿ ನಿಲ್ದಾಣಕ್ಕೆ ಬರುತ್ತದೆ, ಕೆಎಸ್‌ಆರ್‌ಟಿಸಿ ನಿಲ್ದಾಣ ಬೇರೆ. ನಡುವೆ ಆಟೊ ಮಾಡಿ, ಮಳೆಯಲ್ಲಿ ಆ ಇಳಿಜಾರಿನಲ್ಲಿ ಅವರನ್ನು ನಡೆಸಬೇಡಿ.

ಯಾವ ಬಸ್ ಎಂಬುದು ಮುಂದಿನ ಮಾತು. ಮೂವರೂ ಹೆಂಗಸರು, ಆದ್ದರಿಂದ ಕೆಂಪು ಬಣ್ಣದ ಕರ್ನಾಟಕ ಸಾರಿಗೆಯಲ್ಲಿ ಟಿಕೆಟ್ ಉಚಿತ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್ ಕೊಡುತ್ತಾರೆ, ಅದನ್ನು ಇಳಿಯುವವರೆಗೆ ಜೋಪಾನ ಮಾಡಿ. ತಪಾಸಣೆಯವರು ಹತ್ತಿದಾಗ ಚೀಟಿ ಇಲ್ಲದಿದ್ದರೆ ಪೇಚಾಟ. (ಈ ಯೋಜನೆ ಬಂದಾಗ ನಮ್ಮ ಜಿಲ್ಲೆಯ ಹೆಂಗಸರಿಗೆ ಅರ್ಧ ಸಂತೋಷ ಮಾತ್ರ. ಒಳಊರುಗಳಿಗೆ ಓಡಾಡುವುದು ಬಹುತೇಕ ಖಾಸಗಿ ಬಸ್. ಮನೆಯಿಂದ ಮಡಿಕೇರಿಗೆ ದುಡ್ಡು ಕೊಟ್ಟು, ಮಡಿಕೇರಿಯಿಂದ ಬೆಂಗಳೂರಿಗೆ ಪುಕ್ಕಟೆ ಹೋಗುವುದು ಕೊಡಗಿನಲ್ಲಿ ಮಾತ್ರ ಕಾಣುವ ಚೋದ್ಯ.) ಹಗಲಿಗೆ ಕೆಂಪು ಬಸ್ ಸಾಕು. ರಾತ್ರಿ ವಾಪಸಾಗಲು ಮಾತ್ರ ದುಡ್ಡು ಕೊಟ್ಟು ರಾಜಹಂಸದಲ್ಲಿ ಸೀಟು ಕಾದಿರಿಸಿ. ಅಲ್ಲಿ ಶಕ್ತಿ ನಡೆಯುವುದಿಲ್ಲ, ಆದರೆ ಸೀಟು ಹಿಂದಕ್ಕೆ ಬಾಗುತ್ತದೆ. ಅರವತ್ತು ದಾಟಿದವರಿಗೆ ಶೇ 25 ರಿಯಾಯಿತಿ ಉಂಟು, ಕಾದಿರಿಸುವಾಗಲೇ ಕೌಂಟರಿನಲ್ಲಿ ವಯಸ್ಸಿನ ದಾಖಲೆ ತೋರಿಸಿ ಕೇಳಿ. ಸೀಟು ಚಕ್ರದ ಮೇಲಿನದೋ, ಹಿಂದಿನ ಸಾಲಿನದೋ ಆಗದಂತೆ ನೋಡಿಕೊಳ್ಳಿ. ಮುಂದಿನಿಂದ ಮೂರು, ನಾಲ್ಕನೇ ಸಾಲು ಒಳ್ಳೆಯದು.

ಬೆಂಗಳೂರಿನಲ್ಲಿ ಸ್ಯಾಟಲೈಟ್ ನಿಲ್ದಾಣದವರೆಗೆ ಹೋಗಬೇಡಿ. ಅಲ್ಲಿಂದ ದೀಪಾಂಜಲಿ ನಗರ ಮೆಟ್ರೋ ನಡೆಯುವ ದೂರದಲ್ಲೇ ಇದೆ, ಆದರೆ ಮೈಸೂರು ರಸ್ತೆಯ ವಾಹನಗಳ ನಡುವೆ ಮಂಡಿನೋವಿನವರನ್ನು ನಡೆಸುವ ದೂರವಲ್ಲ. ಕೆಂಗೇರಿಯಲ್ಲೇ ಇಳಿದುಬಿಡಿ. ಬಸ್ ಟರ್ಮಿನಲ್ ಪಕ್ಕದಲ್ಲೇ ಮೆಟ್ರೋ ನಿಲ್ದಾಣ, ಹೆಸರೂ ಕೆಂಗೇರಿ ಬಸ್ ಟರ್ಮಿನಲ್ ಎಂದೇ. 2021ರಲ್ಲಿ ಅಲ್ಲಿಯವರೆಗೆ ಮೆಟ್ರೋ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಕೆಂಗೇರಿಯಲ್ಲೇ ಇಳಿಯತೊಡಗಿದರು. ನಗರದೊಳಗೆ ಬಸ್ ತೆವಳುವ ಹೊತ್ತಿಗೆ ನೀವು ವಿಜಯನಗರದಲ್ಲಿ ಕಾಫಿ ಕುಡಿಯುತ್ತಿರುತ್ತೀರಿ. ಬಿಡದಿ ದಾಟಿದ ಕೂಡಲೇ ನಿರ್ವಾಹಕರಿಗೆ ಕೆಂಗೇರಿ ಎಂದು ನೆನಪಿಸಿ. ನಿದ್ದೆ ಮಾಡಿದರೆ ಸ್ಯಾಟಲೈಟೇ ಗತಿ.

ಇನ್ನು ದಿನ. ಆಗಸ್ಟ್ 15 ಬೇಡ. ಅದರ ಹಿಂದಿನ, ಮುಂದಿನ ಶನಿವಾರ, ಭಾನುವಾರವೂ ಬೇಡ. ಪ್ರದರ್ಶನ ಹತ್ತು ಹನ್ನೆರಡು ದಿನ ನಡೆಯುತ್ತದೆ, ಹೂವು ಎಲ್ಲ ದಿನವೂ ಹೂವೇ. ಸೋಮವಾರದಿಂದ ಗುರುವಾರದೊಳಗೆ ಒಂದು ದಿನ, ಬೆಳಗ್ಗೆ ಬೇಗ. ಭಾನುವಾರಕ್ಕೆ ಇನ್ನೊಂದು ತೊಡಕೂ ಇದೆ: ಉಳಿದ ದಿನ ಐದಕ್ಕೆಲ್ಲ ಶುರುವಾಗುವ ಮೆಟ್ರೋ ಭಾನುವಾರ ಏಳಕ್ಕೆ ಶುರುವಾಗುತ್ತದೆ. ಶನಿವಾರ ರಾತ್ರಿಯ ಬಸ್ಸಿನಲ್ಲಿ ಬಂದು ಐದಕ್ಕೇ ಇಳಿದವರು ಎರಡು ಗಂಟೆ ಬಾಗಿಲು ಕಾಯುವುದನ್ನು ಕಂಡಿದ್ದೇನೆ.

ದ್ವಾರದ ವಿಷಯದಲ್ಲಿ ಸುಂಟಿಕೊಪ್ಪದ ಹುಡುಗ ಸರಿಯಾಗಿ ಹೇಳಿದ. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ, ಈಗ 240 ಎಕರೆ. ನಮ್ಮ ಕಡೆಯ ಒಂದು ದೊಡ್ಡ ಎಸ್ಟೇಟಿನಷ್ಟು. ಎಸ್ಟೇಟಿನ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಅತ್ತೆಯವರನ್ನು ನಡೆಸುತ್ತೀರಾ? ಹಾಗಿದ್ದರೆ ಇಲ್ಲಿಯೂ ನಡೆಸಬೇಡಿ. ಪಶ್ಚಿಮ ದ್ವಾರದಲ್ಲಿ ಒಳಗೆ, ಪಶ್ಚಿಮ ದ್ವಾರದಲ್ಲೇ ಹೊರಗೆ. ಯಾರಾದರೂ ಸಿದ್ದಾಪುರ ದ್ವಾರ ಹತ್ತಿರ ಎಂದರೆ ನಮ್ಮ ಕೊಡಗಿನ ಊರಿನ ಹೆಸರು ಎಂದು ಮೋಹಗೊಂಡು ಹೋಗಬೇಡಿ, ಅದು ಬೇರೆ ದಿಕ್ಕು. ಒಳಗೆ ಬ್ಯಾಟರಿ ವಾಹನ ಇರುತ್ತದೆ ಎಂದು ಹೇಳುತ್ತಾರೆ. ಸಾಮಾನ್ಯ ದಿನಗಳಲ್ಲಿ ಸರಿ, ಪ್ರದರ್ಶನದ ಜನಜಂಗುಳಿಯಲ್ಲಿ ಅದನ್ನು ನಂಬಿ ಹೋಗಬೇಡಿ.

ಕೊನೆಗೆ, ಅತ್ತೆಯವರು ಎಲೆ ಅಡಿಕೆ ಹಾಕುತ್ತಾರೆಯೇ? ಹಾಕುವವರಾದರೆ ಅಡಿಕೆ ಕತ್ತರಿಯನ್ನು ಮನೆಯಲ್ಲೇ ಬಿಟ್ಟು, ಕತ್ತರಿಸಿದ ಅಡಿಕೆ ತನ್ನಿ. ಮೆಟ್ರೋದಲ್ಲಿ ಚೀಲ ಯಂತ್ರದೊಳಗೆ ಹೋಗುತ್ತದೆ, ಹರಿತವಾದ ವಸ್ತು ಬಿಡುವುದಿಲ್ಲ. ನಿಲ್ದಾಣದೊಳಗೆ ಉಗುಳಿದರೆ ದಂಡ.

ತೋಟದಮನೆ (ನಾಪೋಕ್ಲು):

ಅಣ್ಣ, ಅಡಿಕೆ ಕತ್ತರಿಯ ವಿಷಯ ಓದಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, ಹಾಗಾದರೆ ಲಾಲ್‌ಬಾಗ್ ಬೇಡವೇನೋ ಎಂದರು. ಅದು ಅವರ ಅಮ್ಮನ ಕಾಲದ ಹಿತ್ತಾಳೆಯ ಕತ್ತರಿ. ರಾತ್ರಿಯ ಹೊತ್ತಿಗೆ ಮನಸ್ಸು ಬದಲಾಯಿತು. ಈಗ ಡಬ್ಬಿಯಲ್ಲಿ ಅಡಿಕೆ ಕತ್ತರಿಸಿ ತುಂಬುವ ಕೆಲಸ ಮಗಳಿಗೆ.

ವಿಜಯನಗರಕ್ಕೆ ಫೋನ್ ಮಾಡಿದೆ. ನೀವು ಹೇಳಿದಂತೆಯೇ ಬೈದಳು, ಬರುವುದಿಲ್ಲ ಎಂದು ಯೋಚಿಸಿದ್ದಕ್ಕೇ.

ಇನ್ನೊಂದು ಪ್ರಶ್ನೆ. ಅತ್ತೆಯವರು ಗಿಡ ಕೊಳ್ಳದೆ ಬರುವವರಲ್ಲ. ಮೆಟ್ರೋ, ರಾತ್ರಿ ಬಸ್ಸು, ಮತ್ತೆ ಊರಿನ ಬಸ್ಸು. ಗಿಡ ಹೇಗೆ ತರುವುದು?

ಹೂವಿನಂಗಡಿ (ಗೋಣಿಕೊಪ್ಪ):

ಅಕ್ಕ, ಇದಕ್ಕೆ ನಾನು ಹೇಳುತ್ತೇನೆ, ಗಂಡಸರು ಬೇಡ. ಕುಂಡ ಸಮೇತ ಕೊಳ್ಳಲೇಬೇಡಿ. ಭಾರ ಇರುವುದೇ ಕುಂಡದಲ್ಲಿ, ಮಣ್ಣಿನಲ್ಲಿ. ಸಣ್ಣ ಪಾಲಿಥೀನ್ ಚೀಲದ ಸಸಿಯನ್ನೇ ಆರಿಸಿ. ಬೇರಿನ ಸುತ್ತ ಒದ್ದೆ ಕಾಗದ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ದಾರದಿಂದ ಕಟ್ಟಿ. ನೀರು ಸುರಿದು ತರಬೇಡಿ, ತೊಟ್ಟಿಕ್ಕುವ ಚೀಲ ಕಂಡರೆ ಮೆಟ್ರೋದಲ್ಲೂ ಬಸ್ಸಿನಲ್ಲೂ ಎಲ್ಲರೂ ಮುಖ ಸಿಂಡರಿಸುತ್ತಾರೆ. ಉದ್ದ ಕಾಂಡದ್ದಾದರೆ ಹಳೆಯ ಕ್ಯಾಲೆಂಡರನ್ನು ಕೊಳವೆ ಮಾಡಿ ಸುತ್ತಿ, ಎಲೆ ಮುರಿಯುವುದಿಲ್ಲ. ಕ್ಯಾಲೆಂಡರ್ ಮನೆಯಿಂದಲೇ ಒಯ್ಯಿರಿ, ಅಲ್ಲಿ ಹುಡುಕಿದರೆ ಸಿಗುವುದಿಲ್ಲ.

ಬಸ್ಸಿನಲ್ಲಿ ಮೇಲಿನ ಕಂಬಿಯ ಮೇಲೆ ಇಡಬೇಡಿ, ಕುಶಾಲನಗರ ದಾಟಿ ತಿರುವು ಶುರುವಾದ ಮೇಲೆ ಯಾರದೋ ತಲೆಯ ಮೇಲೆ ಬೀಳುತ್ತದೆ. ಕಾಲಬುಡದಲ್ಲಿ ನಿಲ್ಲಿಸಿ.

ಎಲ್ಲಕ್ಕಿಂತ ಮುಖ್ಯ, ನೋಡಿ ಮುಗಿಸಿ ಹೊರಡುವಾಗ ಕೊಳ್ಳಿ. ಬೆಳಗ್ಗೆಯೇ ಕೊಂಡರೆ ಇಡೀ ದಿನ ಅತ್ತೆ ಗಾಜಿನ ಮನೆ ನೋಡುತ್ತಾರೆ, ನೀವು ಗಿಡ ಹೊರುತ್ತೀರಿ. ಬೆಂಗಳೂರಿನ ಹವೆಗೆ ಚೆನ್ನಾಗಿ ಬಂದದ್ದೆಲ್ಲ ನಮ್ಮ ಮಳೆಗೆ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ. ಆಗಸ್ಟ್‌ನಲ್ಲಿ ತಂದ ಗುಲಾಬಿ ನಮ್ಮಲ್ಲಿ ಕೊಳೆಯುತ್ತದೆ. ಹಾಗೆ ಕೊಳೆತದ್ದನ್ನು ಗಿರಾಕಿಗಳು ನನ್ನ ಅಂಗಡಿಗೆ ತಂದು ಏನಾಯಿತು ಎಂದು ಕೇಳುತ್ತಾರೆ.

ಹಳೆಯ ನಿರ್ವಾಹಕ (ಕುಶಾಲನಗರ):

ಗಂಡಸರು ಬೇಡ ಎಂದ ಮೇಲೂ ಒಂದು ಮಾತು. ನಿರ್ವಾಹಕರು ಗಿಡಕ್ಕೆ ಲಗೇಜ್ ಕೇಳಿದರೆ ಜಗಳವಾಡಬೇಡಿ. ಒಂದು ಸಸಿ ಇದ್ದರೆ ಯಾರೂ ಕೇಳುವುದಿಲ್ಲ, ಮೂಟೆ ಕಟ್ಟಿದರೆ ಕೇಳುತ್ತಾರೆ. ಕೇಳಬೇಕಾದದ್ದೂ ಸರಿಯೇ.

ತೋಟದಮನೆ (ನಾಪೋಕ್ಲು):

ಹೋಗಿ ಬಂದೆವು. ಬರೆಯಲು ತಡವಾಯಿತು, ಬಂದ ಮೇಲೆ ಇಲ್ಲಿ ಕರೆಂಟ್ ಇರಲಿಲ್ಲ.

ಹೊರಟ ದಿನ ಮಳೆ ಎಂದರೆ ಮಳೆ. ಖಾಸಗಿ ನಿಲ್ದಾಣದಿಂದ ಆಟೊ ಹಿಡಿದೆವು, ಒಳ್ಳೆಯದಾಯಿತು. ಕೆಂಪು ಬಸ್ಸಿನಲ್ಲಿ ಅತ್ತೆಗೆ ಕಿಟಕಿ ಸಿಕ್ಕಿತು. ಮೂವರಿಗೂ ಶೂನ್ಯ ಟಿಕೆಟ್ ಹರಿದುಕೊಟ್ಟಾಗ ಅತ್ತೆ ಅದನ್ನು ಎರಡು ಸಲ ತಿರುಗಿಸಿ ನೋಡಿ ಸೀರೆಯ ಸೆರಗಿಗೆ ಕಟ್ಟಿಕೊಂಡರು. ಪಿರಿಯಾಪಟ್ಟಣ ದಾಟುವಷ್ಟರಲ್ಲಿ ಬಿಸಿಲು. ಅಲ್ಲಿ ಮಳೆಯೇ ಇಲ್ಲ, ಅಲ್ಲಿಯವರೆಗೂ ನಾವು ಕೊಡೆ ಮಡಿಚಿರಲಿಲ್ಲ.

ಕೆಂಗೇರಿ ಉಪಾಯ ಬಹಳ ಉಪಕಾರವಾಯಿತು. ಬಸ್ಸಿನಿಂದ ಇಳಿದು ಮೆಟ್ರೋ ಹತ್ತಲು ನಡೆದದ್ದು ಸ್ವಲ್ಪವೇ, ಲಿಫ್ಟ್ ಇತ್ತು, ಆ ಹೊತ್ತಿಗೆ ಸೀಟೂ ಇತ್ತು. ಅತ್ತೆ ಮೆಟ್ರೋ ಹತ್ತಿದ್ದು ಮೊದಲ ಸಲ. ಹೆದರುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, ಕಿಟಕಿ ಏಕೆ ತೆರೆಯುವುದಿಲ್ಲ ಎಂದು.

ಮರುದಿನ ಮಂಗಳವಾರ. ನಾದಿನಿಯ ಮಗಳ ಗಂಡ ಕೆಲಸಕ್ಕೆ ಹೊರಡುವ ಮೊದಲೇ ನಾವು ಹೊರಟಿದ್ದೆವು. ಮೆಜೆಸ್ಟಿಕ್‌ನಲ್ಲಿ ಜನ ಆಗಲೇ ಇದ್ದರು, ಲಿಫ್ಟ್‌ಗೆ ಕಾಯಬೇಕಾಯಿತು. ಅಲ್ಲಿನ ಕಾವಲು ಸಿಬ್ಬಂದಿಯ ಹುಡುಗಿಯೊಬ್ಬಳು ನಮ್ಮನ್ನು ನೋಡಿ ತಾನೇ ಬಂದು ದಾರಿ ತೋರಿಸಿದಳು. ಮಾತನಾಡಿಸಿದರೆ ಸೋಮವಾರಪೇಟೆಯವಳು! ನ್ಯಾಷನಲ್ ಕಾಲೇಜು ಬರುವಾಗ ಬೆಳಕು ಬಿತ್ತು, ಮಗಳು ಎದ್ದು ನಿಂತಳು, ನಾವು ಬಾಗಿಲ ಹತ್ತಿರ ಬಂದೆವು.

ಪಶ್ಚಿಮ ದ್ವಾರದಲ್ಲಿ ಟಿಕೆಟ್ ಸಾಲು ಇತ್ತು, ಆದರೆ ಸಹಿಸುವಷ್ಟು. ಶಾಲೆಯ ಮಕ್ಕಳು ಸಮವಸ್ತ್ರದಲ್ಲಿ ಸಾಲುಸಾಲಾಗಿ ಬರುತ್ತಿದ್ದರು. ಬ್ಯಾಟರಿ ವಾಹನ ಕಾಣಲಿಲ್ಲ, ಕಂಡರೂ ಹತ್ತುವ ಹಾಗಿರಲಿಲ್ಲ. ದಾರಿಯಲ್ಲಿ ಕಲ್ಲುಬೆಂಚು ಸಿಕ್ಕ ಕಡೆಯಲ್ಲೆಲ್ಲ ಕುಳಿತು ಕುಳಿತು ನಡೆದೆವು. ಗಾಜಿನ ಮನೆ 1889ರದಂತೆ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಕಟ್ಟಿದ್ದು ಎಂದು ಮಗಳು ಓದಿ ಹೇಳಿದಳು. ಅತ್ತೆ ಕಬ್ಬಿಣದ ಕಂಬ ಮುಟ್ಟಿ, ನಮ್ಮಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ತುಕ್ಕು ಹಿಡಿಯುತ್ತಿತ್ತು ಎಂದರು.

ಒಳಗೆ ಹೂವಿನ ದೊಡ್ಡ ಮಾದರಿಯ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಿದ್ದರು. ಇವರು ಅದರ ಕಡೆಗೆ ಅಷ್ಟಾಗಿ ನೋಡಲಿಲ್ಲ. ಬದಿಯಲ್ಲಿ ಕುಂಡಗಳ ಸಾಲಿನ ಹತ್ತಿರ ಹೋಗಿ ಒಂದು ಕೆಂಪು ಡೇಲಿಯಾದ ಹಿಂಬದಿಗೆ ಬಗ್ಗಿದರು. ಮಂಡಿನೋವು ಇದ್ದವರು ಹೇಗೆ ಬಗ್ಗಿದರೋ! ಹೂವಿನ ಕೆಳಗೆ ದಂಟಿಗೆ ತೆಳ್ಳಗಿನ ಬಿದಿರುಕಡ್ಡಿ ಕೊಟ್ಟು ಹಸಿರು ದಾರದಿಂದ ಎರಡು ಕಡೆ ಕಟ್ಟಿದ್ದರು, ಮುಂದಿನಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಪಕ್ಕದ ಮೊಗ್ಗುಗಳನ್ನೆಲ್ಲ ಚಿವುಟಿ ಒಂದನ್ನೇ ಬಿಟ್ಟಿದ್ದರು. ಅದನ್ನು ಬೆರಳಿನಿಂದ ತೋರಿಸಿ ಮೊಮ್ಮಗಳಿಗೆ ವಿವರಿಸಿದರು. ಗೇಣು ಹಾಕಿ ಹೂವಿನ ಅಗಲ ಅಳೆಯಲು ಕೈ ಚಾಚಿದಾಗ ಅಲ್ಲಿದ್ದವರು ಮುಟ್ಟಬೇಡಿ ಅಜ್ಜಿ ಎಂದರು. ನಮ್ಮದು ದೊಡ್ಡದು ಎಂದು ಈ ಸಲ ಹೇಳಲಿಲ್ಲ. ನಮ್ಮದಕ್ಕೆ ಕಡ್ಡಿ ಇಲ್ಲ ಎಂದರು.

ಬಂಡೆಯ ಮೇಲಿನ ಕೆಂಪೇಗೌಡ ಗೋಪುರಕ್ಕೆ ಹತ್ತಲಿಲ್ಲ. ಅದು 300 ಕೋಟಿ ವರ್ಷದ ಬಂಡೆ ಎಂದು ಮಗಳಿಗೆ ನೋಡುವ ಆಸೆ ಇತ್ತು, ಪಶ್ಚಿಮ ದ್ವಾರಕ್ಕೆ ಅದು ದೂರ. ಇನ್ನೊಮ್ಮೆ ಅವಳ ಶಾಲೆಯವರು ಕರೆದುಕೊಂಡು ಹೋದಾಗ ನೋಡಲಿ.

ಗೋಣಿಕೊಪ್ಪದ ಅಕ್ಕ, ಕ್ಯಾಲೆಂಡರ್ ಒಯ್ದಿದ್ದೆ. ಬಿಳಿ ಆಂಥೂರಿಯಂ ಎರಡು, ಹೆಸರು ಗೊತ್ತಿಲ್ಲದ ಒಂದು ಬಿಗೋನಿಯಾ. ಎಲೆ ಒಂದೂ ಮುರಿಯಲಿಲ್ಲ. ಗುಲಾಬಿಯ ಮುಂದೆ ಬಹಳ ಹೊತ್ತು ನಿಂತರು, ನಿಮ್ಮ ಮಾತು ಹೇಳಿ ಎಳೆದುಕೊಂಡು ಬಂದೆ.

ಮಧ್ಯಾಹ್ನ ವಿಜಯನಗರದಲ್ಲಿ ಮಲಗಿ, ರಾತ್ರಿ ಸ್ಯಾಟಲೈಟ್‌ಗೆ ಆಟೊದಲ್ಲೇ ಹೋದೆವು. ರಾಜಹಂಸದಲ್ಲಿ ಮೂರನೇ ಸಾಲು. ಮಡಿಕೇರಿ ತಲುಪಿದಾಗ ಇನ್ನೂ ಕತ್ತಲು, ಚಳಿ. ನಿಲ್ದಾಣದಲ್ಲಿ ಕಾಫಿ ಕುಡಿದು ಕುಳಿತೆವು. ಊರಿನ ಬಸ್ಸಿನ ಚಾಲಕ ಗಿಡ ನೋಡಿ, ಅಜ್ಜಿ ಬೆಂಗಳೂರು ಖಾಲಿ ಮಾಡಿ ಬಂದಿರಾ ಎಂದು ಕೇಳಿದ. ಕಾಲು ಸ್ವಲ್ಪ ಬಾತಿತ್ತು, ಚಪ್ಪಲಿ ಕಾಲಿನಲ್ಲೇ ಇತ್ತು. ನಿಮಗೆ ಹೇಳಬೇಕೆಂದೇ ನೋಡಿಕೊಂಡೆ ಅಣ್ಣ.

ಮಡಿಕೇರಿ ಮಂಜು:

ಸರಿ ಅಕ್ಕ, ಒಪ್ಪಿದೆ. ಆದರೂ ಒಂದು ಪ್ರಶ್ನೆ. ನಾಪೋಕ್ಲಿನಿಂದ 250 ಕಿಲೋಮೀಟರ್ ದಾಟಿ ಹೂವಿನ ತೋಟದ ಬಾಗಿಲಿನವರೆಗೆ ಇಷ್ಟು ಸಲೀಸಾಗಿ ಹೋಗಿ ಬಂದಿರಿ. ರಾಜಾಸೀಟಿನ ಪ್ರದರ್ಶನ ಸಂಜೆ ದೀಪ ಹಾಕಿದ ಮೇಲೆ ಚೆನ್ನಾಗಿರುತ್ತದೆ. ಅದನ್ನು ನೋಡಿ ಅದೇ ದಿನ ಬಸ್ಸಿನಲ್ಲಿ ಮನೆ ಸೇರಲು ನಿಮಗೆ ಆಗುತ್ತದೆಯೇ?

ತೋಟದಮನೆ (ನಾಪೋಕ್ಲು):

ಆಗುವುದಿಲ್ಲ. ರಾಜಾಸೀಟಿನ ದೀಪ ನಾವು ಇದುವರೆಗೆ ನೋಡಿಯೇ ಇಲ್ಲ. ಮೂರಕ್ಕೆಲ್ಲ ಹೊರಟುಬಿಡುತ್ತೇವೆ, ಅದೂ ನಿಲ್ದಾಣದಿಂದ ಆ ಏರು ಹತ್ತಲು ಆಟೊ ಮಾಡಿ.

ಹೂವಿನಂಗಡಿ (ಗೋಣಿಕೊಪ್ಪ):

ಇದನ್ನೆಲ್ಲ ಓದಿ ನಮ್ಮ ಸ್ತ್ರೀಶಕ್ತಿ ಸಂಘದವರೂ ಹೊರಟಿದ್ದಾರೆ. ಜನವರಿಯ ಪ್ರದರ್ಶನಕ್ಕೆ, ಎಂಟು ಮಂದಿ. ಕೊಯ್ಲು ಇಲ್ಲದವರು ಮಾತ್ರ. ನಾವು ಮಡಿಕೇರಿಗೆ ಹೋಗುವ ಹಾಗಿಲ್ಲ, ತಿತಿಮತಿ, ಹುಣಸೂರು ದಾರಿ. ನಿರ್ವಾಹಕ ಅಣ್ಣ, ನಮಗೂ ಒಂದು ಲೆಕ್ಕ ಹಾಕಿ ಕೊಡಿ.

ಹಳೆಯ ನಿರ್ವಾಹಕ (ಕುಶಾಲನಗರ):

ಕೊಡುತ್ತೇನೆ. ಎಂಟು ಮಂದಿಯಲ್ಲಿ ಎಲ್ಲರಿಗಿಂತ ಒಳಊರಿನವರು ಯಾರು? ಅವರ ಮನೆಯ ಕಡೆಗೆ ಕೊನೆಯ ಬಸ್ ಎಷ್ಟಕ್ಕೆ? ಮೊದಲು ಅದನ್ನು ತಿಳಿಸಿ.